ಉಳ್ಳಾಗಡ್ಡಿಗೂ ದಿಲ್ಲಿಗೂ ಏನು ನಂಟು?

ಪ್ರಶ್ನೆ: ಕಾಕಾ, 2023ರ ಡಿಸೆಂಬರಿನಲ್ಲಿ ಉಳ್ಳಾಗಡ್ಡಿ ರಫ್ತು ನಿಲ್ಲಿಸಿದರು. ಪಕ್ಕದ ಹೊಲದವರು ಎಂಟು ದಿನ ಮೊದಲೇ ಮಾರಿ ಬಚಾವಾದರು. ಅಪ್ಪ ಆಮೇಲೆ ವಿಜಯಪುರಕ್ಕೆ ಮಾಲು ಒಯ್ದರು, ಹೆಚ್ಚೂಕಡಿಮೆ ಅರ್ಧ ರೇಟು ಸಿಕ್ಕಿತು. ಸರ್ಕಾರ ಆರಿಸುವವರು ನಾವೂ ಹೌದಲ್ವಾ? ಮತ್ತೆ ನಮ್ಮ ಹೊಟ್ಟೆ ಮೇಲೆ ಯಾಕೆ ಹೊಡೆಯುತ್ತಾರೆ?
— ಒಬ್ಬ ವಿದ್ಯಾರ್ಥಿನಿ, ಬಸವನ ಬಾಗೇವಾಡಿ ತಾಲೂಕು

ಉತ್ತರ: ತಂಗಿ, ದಲಾಲಿ ಅಂಗಡಿಯಲ್ಲಿ ವರ್ಷಗಟ್ಟಲೆ ಪಟ್ಟಿ ಬರೆದ ಕೈ ಇದು. ಪಟ್ಟಿಯಲ್ಲಿ ಚೀಲ ಎಷ್ಟು, ತೂಕ ಎಷ್ಟು, ರೇಟು ಎಷ್ಟು ಅಂತ ಇರುತ್ತದೆ. ಕೆಳಗೆ ಹಮಾಲಿ, ಗಾಡಿ ಬಾಡಿಗೆ ಮುರಿದಿರುತ್ತೇವೆ. ದಿಲ್ಲಿಯವರು ಮುರಿದುಕೊಂಡದ್ದಕ್ಕೆ ಬೇರೆ ಸಾಲು ಇರಲ್ಲ. ಅದು ರೇಟಿನಲ್ಲೇ ಹೋಗಿರುತ್ತದೆ.

ಬೆಳೆಯುವವರು ಕೆಲವರು, ತಿನ್ನುವವರು ಎಲ್ಲರೂ. ನಿಮ್ಮಪ್ಪ ವರ್ಷಕ್ಕೆ ಒಂದೋ ಎರಡೋ ಸಲ ಮಾರುತ್ತಾರೆ. ಪೇಟೆಯವರು ವಾರಾ ವಾರ ಕೊಳ್ಳುತ್ತಾರೆ. ಕಿಲೋಗೆ ಹತ್ತು ರೂಪಾಯಿ ಏರಲಿ, ಆವತ್ತೇ ಬೈಗುಳ ಶುರು. 1998ರ ದಿಲ್ಲಿ ವಿಧಾನಸಭೆ ಚುನಾವಣೆ ಇದೇ ಬಿಸಿಯಲ್ಲಿ ನಡೆಯಿತು, ಆಳುತ್ತಿದ್ದ ಬಿಜೆಪಿ ಸೋತಿತು. ಅದೊಂದೇ ಕಾರಣ ಅನ್ನಲ್ಲ. ಆದರೆ ಅಲ್ಲಿಂದ ಎಲ್ಲ ಪಕ್ಷಕ್ಕೂ ಈ ಗಡ್ಡಿ ಅಂದರೆ ಅಂಜಿಕೆ.

ಈಗ ತಾರೀಕು ನೋಡು. ರಫ್ತು ನಿಂತದ್ದು ಡಿಸೆಂಬರ್ 8ಕ್ಕೆ, ಲೋಕಸಭೆ ಚುನಾವಣೆ ಹತ್ತಿರ ಬಂದಾಗ. ಮತ್ತೆ ಬಿಟ್ಟದ್ದು 2024ರ ಮೇ 4ಕ್ಕೆ. ನಮ್ಮ ಜಿಲ್ಲೆಯಲ್ಲಿ ಓಟು ಹಾಕಿದ್ದು ಮೇ 7ಕ್ಕೆ! ಬಿಟ್ಟದ್ದಾದರೂ ಹೇಗೆ? ಟನ್ನಿಗೆ 550 ಡಾಲರ್‌ಗಿಂತ ಕಡಿಮೆಗೆ ಕಳಿಸುವಂತಿಲ್ಲ, ಮೇಲೆ ಶೇ 40 ಸುಂಕ. ಬಾಗಿಲು ತೆಗೆದು ಹೊಸ್ತಿಲಿಗೆ ಜಾಲಿಮುಳ್ಳು ಹಾಕಿದ ಹಾಗೆ. ಮಹಾರಾಷ್ಟ್ರದ ನಾಸಿಕ್ ಕಡೆ ಉಳ್ಳಾಗಡ್ಡಿಯೇ ಜೀವ. ಅಲ್ಲಿ ನಾಸಿಕ್, ದಿಂಡೋರಿ ಎರಡೂ ಕ್ಷೇತ್ರ ಆಳುವ ಕೂಟದ ಕೈ ತಪ್ಪಿದವು. ದಿಂಡೋರಿಯಲ್ಲಿ ಕೇಂದ್ರದ ಮಂತ್ರಿಯೇ ಸೋತರು. ಮುಂದೆ ಸೆಪ್ಟೆಂಬರಿನಲ್ಲಿ, ಮಹಾರಾಷ್ಟ್ರ ವಿಧಾನಸಭೆ ಚುನಾವಣೆಗೆ ಎರಡು ತಿಂಗಳಿರುವಾಗ, 550 ಡಾಲರಿನ ಷರತ್ತು ಹೋಯಿತು. ಸುಂಕ ಶೇ 20ಕ್ಕೆ ಇಳಿಯಿತು.

ನಮ್ಮಲ್ಲಿ ಆ ಒಗ್ಗಟ್ಟು ಎಲ್ಲಿದೆ? ಕಬ್ಬಿನವರ ಕೂಗು ಬೇರೆ, ದ್ರಾಕ್ಷಿಯವರದು ಬೇರೆ, ಇಂಡಿ ತಾಲೂಕಿನ ನಿಂಬೆಯವರದು ಇನ್ನೂ ಬೇರೆ. ಓಟು ಕೇಳಲು ಬಂದವನ ಜಾತಿ ವಿಚಾರಿಸುತ್ತೇವೆ, ರಫ್ತಿನ ಮಾತು ಎತ್ತುವುದಿಲ್ಲ. (ನಾನೂ ಎತ್ತಿಲ್ಲ, ಸುಮ್ನೆ ಸುಳ್ಳು ಯಾಕೆ?)

ಇನ್ನೊಂದು ಖರೆ ಹೇಳಲಾ? ಅಂಗಡಿ ಕೆಲಸ ಬಿಟ್ಟ ಮೇಲೆ ನಾನೂ ಕೊಂಡು ತಿನ್ನುವವನೇ. ಕಳೆದ ಸಲ ರೇಟು ಏರಿದಾಗ ಸಂತೆಯಲ್ಲಿ ನಿಂತು ಸರ್ಕಾರಕ್ಕೆ ಬೈದು, ಅರ್ಧ ಕಿಲೋ ಕಟ್ಟಿಸಿಕೊಂಡು ಬಂದೆ.