ಚಪ್ಪೆ ರೋಗ ಮತ್ತು ನಿಮ್ಮ ಕಾಲಿನ ಗಾಯ

ತೊಡೆ ಊದಿದ ಕಡಸು ಒಂದೇ ದಿನದಲ್ಲಿ ಸತ್ತಿತು, ಸೊಪ್ಪು ಕಡಿಯುವಾಗ ನಿಮ್ಮ ಕಾಲಿಗೂ ಕತ್ತಿ ತಾಗಿದೆ, ಅದೇ ರೋಗ ಅಂಟುತ್ತದೆಯೇ ಎಂದು ತೀರ್ಥಹಳ್ಳಿಯಿಂದ ಕೇಳಿದ್ದೀರಿ. ಊತ ಒತ್ತಿದಾಗ ಚರಚರ ಸದ್ದು ಬಂತೆಂದರೆ ಅದು ಬಹುತೇಕ ಚಪ್ಪೆ ರೋಗವೇ. ಅದನ್ನು ತರುವ ಕ್ಲಾಸ್ಟ್ರಿಡಿಯಂ ಷೋವಿಯೈ ಎಂಬ ಬ್ಯಾಕ್ಟೀರಿಯಾ ಮನುಷ್ಯರ ತಂಟೆಗೆ ಬರುವುದು ತೀರಾ ಅಪರೂಪ. ನಮಗೆ ಗ್ಯಾಸ್ ಗ್ಯಾಂಗ್ರಿನ್ (ಸ್ನಾಯು ಸತ್ತು ಒಳಗೆ ಗಾಳಿ ತುಂಬುವ ಸೋಂಕು) ತರುವುದು ಹೆಚ್ಚಾಗಿ ಅದರ ದಾಯಾದಿ, ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್. ಅದು ಮಣ್ಣು, ಸಗಣಿಯಲ್ಲಿ ಇದ್ದೇ ಇರುತ್ತದೆ. ಗಾಳಿಯಾಡದ ಆಳದ ಗಾಯ ಸಿಕ್ಕರೆ ಬೆಳೆಯುತ್ತದೆ. ಆದ್ದರಿಂದ ಅರಿಸಿನ ಮೆತ್ತಿ, ಬಿಗಿಯಾಗಿ ಬಟ್ಟೆ ಸುತ್ತಿ ಕೂರಬೇಡಿ. ಸೋಪು ಹಚ್ಚಿ ಹರಿಯುವ ನೀರಿನಲ್ಲಿ ತೊಳೆದು ವೈದ್ಯರಿಗೆ ತೋರಿಸಿ. ಟಿಟಿ ಚುಚ್ಚುಮದ್ದನ್ನೂ ಕೇಳಿ. ಆದರೆ ಅದು ಧನುರ್ವಾಯುವಿಗೆ, ಗ್ಯಾಸ್ ಗ್ಯಾಂಗ್ರಿನ್‌ಗಲ್ಲ. ಗಾಯಕ್ಕೆ ಮೀರಿದ ನೋವು, ಬೇಗ ಏರುವ ಊತ, ಕಂಚಿನ ಬಣ್ಣಕ್ಕೆ ತಿರುಗುವ ಚರ್ಮ ಕಂಡರೆ ರಾತ್ರಿಯಾದರೂ ಸರಿ, ಶಿವಮೊಗ್ಗದ ಮೆಗ್ಗಾನ್‌ನಂಥ ದೊಡ್ಡ ಆಸ್ಪತ್ರೆಗೆ ಹೊರಡಿ. ಸತ್ತ ಸ್ನಾಯುವನ್ನು ಕತ್ತರಿಸಿ ತೆಗೆಯದೆ ಬರೀ ಪೆನ್ಸಿಲಿನ್, ಕ್ಲಿಂಡಾಮೈಸಿನ್‌ನಿಂದ ಇದು ಬಗ್ಗುವುದಿಲ್ಲ.

ಕಡಸನ್ನು ಕೊಯ್ಯಬೇಡಿ, ಚರ್ಮ ಸುಲಿಸಬೇಡಿ. ಹಳ್ಳದಿಂದ ದೂರ, ಸುಣ್ಣ ಹಾಕಿ ಆಳವಾಗಿ ಹೂಳಿಸಿ. ಚಪ್ಪೆ ರೋಗದ ಬೀಜಾಣುಗಳು ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕುತ್ತವೆ. ಪಶುವೈದ್ಯರಿಗೆ ಇವತ್ತೇ ಹೇಳಿ, 6 ತಿಂಗಳು ದಾಟಿದ ಕರುಗಳಿಗೆ ಲಸಿಕೆ ಹಾಕಿಸಿ. ಮುಂದೆ ಪ್ರತಿವರ್ಷ ಮಳೆಗಾಲಕ್ಕೆ ಮುಂಚೆ ಹಾಕಿಸಬೇಕು. ಯಾವುದಾದರೂ ಕರು ಜ್ವರ ಬಂದು ಕುಂಟತೊಡಗಿದರೆ ಕಾಯಬೇಡಿ. ಪೆನ್ಸಿಲಿನ್ ಕೆಲಸ ಮಾಡಿದರೆ ಆ ಮೊದಲ ಗಂಟೆಗಳಲ್ಲಿ ಮಾತ್ರ.