30 ಅಂತಲೂ ಬರುತ್ತದೆ, 34 ಅಂತಲೂ ಬರುತ್ತದೆ: ಬ್ರಾ ಅಳತೆಯಲ್ಲಿ ಯಾವುದು ಸರಿ?

ಎದೆಯ ಕೆಳಗೆ 30 ಇಂಚು, ಎದೆಯ ತುಂಬು ಭಾಗದ ಮೇಲೆ 36 ಇಂಚು ಬಂತು ಎಂದು ಬರೆದಿದ್ದೀರಿ. ಒಂದು ಲೆಕ್ಕ 34ಬಿ ಎನ್ನುತ್ತದೆ, ಇನ್ನೊಂದು 30ಇ ಎನ್ನುತ್ತದೆ, ನಾನೇ ತಪ್ಪಾಗಿ ಅಳೆದೆನಾ ಎಂದು ಕೇಳಿದ್ದೀರಿ. ಬೇರೆಯವರ ಕೈಯಲ್ಲಿ ಅಳತೆ ತೆಗೆಸಿಕೊಳ್ಳೋದು ಮುಜುಗರ ಎಂದೂ ಹೇಳಿದ್ದೀರಿ. ಮುಜುಗರ ಆಗೋದು ಸಹಜ. ಮನೆಯಲ್ಲೇ ಚೆನ್ನಾಗಿ ಅಳೆಯಬಹುದು. ನೀವು ಅಳೆದಿದ್ದು ತಪ್ಪಲ್ಲ, ಎರಡೂ ಲೆಕ್ಕ ಬಳಕೆಯಲ್ಲಿವೆ. ಆದರೆ ಆ 34 ಮತ್ತು 30 ಬೇರೆ ಬೇರೆ ಮಾತು ಹೇಳುತ್ತಿವೆ. ಅದನ್ನು ಬಿಡಿಸಿ ಹೇಳುತ್ತೇನೆ.

ಮೊದಲು ನನ್ನ ವಿಷಯ. ನಾನು ಹನ್ನೊಂದು ವರ್ಷ 36ಬಿ ಹಾಕುತ್ತಿದ್ದೆ. ಮೊದಲ ಸಲ ಅಂಗಡಿಯಲ್ಲಿ ಒಬ್ಬರು ಚೂಡಿದಾರದ ಮೇಲಿನಿಂದಲೇ ಕಣ್ಣಳತೆಯಲ್ಲಿ ಹೇಳಿದ ಸೈಜು ಅದು. ಕಪ್ ಸರಿಯಾಗಿಯೇ ಕೂರುತ್ತಿತ್ತು, ಹಾಗಾಗಿ ಅನುಮಾನ ಬರಲಿಲ್ಲ. ಆದರೆ ಬೆನ್ನಿನ ಕಡೆ ಬ್ಯಾಂಡ್ ಮೇಲೇರುತ್ತಾ ಹೋಗುತ್ತಿತ್ತು. ಜಾರದಿರಲಿ ಎಂದು ಸ್ಟ್ರಾಪನ್ನು ಕೊನೆಯವರೆಗೂ ಬಿಗಿ ಮಾಡುತ್ತಿದ್ದೆ. ಸಂಜೆ ಬಿಚ್ಚಿದಾಗ ಎರಡೂ ಭುಜದ ಮೇಲೆ ಕೆಂಪು ಗೆರೆ, ಬೆರಳಿಟ್ಟು ನೋಡಿದರೆ ಸಣ್ಣ ಹಳ್ಳವೇ ಸಿಗುತ್ತಿತ್ತು. ಕತ್ತು ನೋವು ಬೇರೆ. ಬ್ರಾ ಅಂದರೆ ಹೀಗೇ ಇರುತ್ತದೆ ಅಂದುಕೊಂಡಿದ್ದೆ. ಹಾಗೆ ಇರಬೇಕಾಗಿಲ್ಲ ಎಂದು ನನಗೆ ಯಾರೂ ಹೇಳಿರಲಿಲ್ಲ, ಅದಕ್ಕೇ ನಿಮಗೆ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಭಾರ ಹೊರುವ ಕೆಲಸ ಬಹುತೇಕ ಬ್ಯಾಂಡಿನದು. ಅಂದರೆ ಎದೆಯ ಕೆಳಗೆ ಸುತ್ತಲೂ ಬರುವ ಭಾಗದ್ದು. ಸ್ಟ್ರಾಪ್ ಇರೋದು ಕಪ್ಪನ್ನು ಜಾಗದಲ್ಲಿ ಹಿಡಿದಿಡಲು. ಬ್ಯಾಂಡ್ ಸಡಿಲವಾದರೆ ಅದರ ಭಾರವೆಲ್ಲ ಭುಜಕ್ಕೆ ಬೀಳುತ್ತದೆ. ಹಾಗಾಗಿ ಅಳತೆಯಲ್ಲಿ ಜಾಸ್ತಿ ಗಮನ ಕೊಡಬೇಕಾದದ್ದು ಎದೆಯ ಕೆಳಗಿನ ಸುತ್ತಳತೆಗೆ.

ಟೈಲರ್ ಬಳಸುವ ಟೇಪು ಸಾಕು. ಹಳೆಯ ಬಟ್ಟೆ ಟೇಪಾದರೆ ಮೊದಲು ಒಂದು ಸ್ಟೀಲ್ ಸ್ಕೇಲಿನ ಪಕ್ಕ ಇಟ್ಟು ನೋಡಿ. ನಮ್ಮ ಮನೆಯ ಟೇಪು ಎಳೆದೆಳೆದು ಹಿಗ್ಗಿತ್ತು, 30 ಸೆಂಟಿಮೀಟರಿಗೆ ಅರ್ಧ ಸೆಂಟಿಮೀಟರ್ ವ್ಯತ್ಯಾಸ ಇತ್ತು. ಸುತ್ತಳತೆ 90ರ ಆಸುಪಾಸು ಬಂದಾಗ ಅದೇ ಒಂದೂವರೆ ಸೆಂಟಿಮೀಟರ್ ಆಗುತ್ತದೆ, ಒಂದು ಕಪ್ ಹೆಚ್ಚುಕಡಿಮೆ ಆಗಲು ಅಷ್ಟು ಸಾಕು. ಟೇಪು ಇಲ್ಲದಿದ್ದರೆ ಹಿಗ್ಗದ ದಾರ ಸುತ್ತಿ ಗುರುತು ಮಾಡಿಕೊಂಡು ಸ್ಕೇಲಿನಲ್ಲಿ ಅಳೆಯಿರಿ. ಇಂಚು ಬೇಡ, ಸೆಂಟಿಮೀಟರಿನಲ್ಲೇ ತೆಗೆಯಿರಿ. ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಬ್ರಾ ಬಿಚ್ಚಿ, ಇಲ್ಲವೇ ಪ್ಯಾಡ್ ಇಲ್ಲದ ತೆಳು ಬ್ರಾ ಹಾಕಿ ಕನ್ನಡಿ ಮುಂದೆ ನಿಲ್ಲಿ. ಟೇಪು ಸ್ತನದ ಬುಡಕ್ಕೆ ತಾಗಿ ಸುತ್ತಲೂ ಬರಲಿ. ಹೆಚ್ಚಿನವರು ತಪ್ಪೋದು ಬೆನ್ನಿನಲ್ಲಿ. ಮುಂದೆ ಸರಿಯಾಗಿರುತ್ತದೆ, ಹಿಂದೆ ಟೇಪು ಜಾರಿ ಸೊಂಟದ ಕಡೆ ಇಳಿದಿರುತ್ತದೆ. ಪಕ್ಕಕ್ಕೆ ತಿರುಗಿ ಕನ್ನಡಿಯಲ್ಲಿ ನೋಡಿಕೊಳ್ಳಿ, ಟೇಪು ನೆಲಕ್ಕೆ ಸಮವಾಗಿರಬೇಕು. ಉಸಿರು ಪೂರ್ತಿ ಬಿಟ್ಟು ಓದಿ. ಟೇಪು ಮೈಗೆ ಅಂಟಿ ಕೂರಬೇಕು, ಚರ್ಮ ಒತ್ತಿ ಉಬ್ಬಬಾರದು. ಆದಷ್ಟೂ ಕೈ ಕೆಳಗಿಟ್ಟೇ ಓದಿ, ಕೈ ಎತ್ತಿದರೆ ಪಕ್ಕೆ ಹಿಗ್ಗಿ ಅಳತೆ ಬದಲಾಗುತ್ತದೆ. ಮೂರು ಸಲ ತೆಗೆಯಿರಿ. ಎರಡು ಸಲವಾದರೂ ಒಂದೇ ಅಂಕಿ ಬಂದರೆ ಅದನ್ನು ಬರೆದಿಡಿ.

ಆಮೇಲೆ ಎದೆಯ ತುಂಬು ಭಾಗದ ಸುತ್ತಳತೆ. ತೊಟ್ಟಿನ ಮಟ್ಟದಲ್ಲಿ ಅಂತ ಎಲ್ಲರೂ ಹೇಳುತ್ತಾರೆ. ಆದರೆ ಎಲ್ಲರ ಮೈಯಲ್ಲೂ ತುಂಬು ಭಾಗ ಅಲ್ಲೇ ಇರುವುದಿಲ್ಲ, ಎಲ್ಲಿ ಜಾಸ್ತಿ ಬರುತ್ತದೋ ಅಲ್ಲಿ ತೆಗೆಯಿರಿ. ಇಲ್ಲಿ ಬಿಗಿ ಬೇಡವೇ ಬೇಡ, ಟೇಪು ಸುಮ್ನೆ ತಾಗಿದರೆ ಸಾಕು. ಒಮ್ಮೆ ನೆಟ್ಟಗೆ ನಿಂತು ತೆಗೆಯಿರಿ. ಇನ್ನೊಮ್ಮೆ ಸೊಂಟದಿಂದ ಮುಂದಕ್ಕೆ ಬಗ್ಗಿ, ಬೆನ್ನು ನೆಲಕ್ಕೆ ಸಮವಾಗಿರುವಾಗ ತೆಗೆಯಿರಿ. ಸ್ತನ ಮೆತ್ತಗಿದ್ದರೆ, ಹಾಲುಣಿಸಿದ ಮೇಲೆ ಅಥವಾ ತೂಕ ಇಳಿದ ಮೇಲೆ ಜೋತಿದ್ದರೆ, ನಿಂತು ಅಳೆದಾಗ ಅರ್ಧ ಲೆಕ್ಕಕ್ಕೇ ಬರುವುದಿಲ್ಲ. ನನಗೆ ನಿಂತಾಗ 90, ಬಗ್ಗಿದಾಗ 94 ಬಂತು. ನಡುವಿನ 92 ಹಿಡಿದೆ. ನೀವು ಬಗ್ಗಿ ಅಳೆದಿದ್ದೀರೋ ಇಲ್ಲವೋ ಬರೆದಿಲ್ಲ. ಅಳೆಯದಿದ್ದರೆ ಇವತ್ತೇ ಅಳೆದು ನೋಡಿ.

ಈಗ ನಿಮ್ಮ ಗೊಂದಲಕ್ಕೆ ಬರೋಣ. 34 ಎಂದು ಬರೆದ ಬ್ರಾವನ್ನು ಎದೆಯ ಕೆಳಗೆ 34 ಇಂಚು ಇರುವವರಿಗೆ ಮಾಡಿದ್ದು ಅಂದುಕೊಳ್ಳುತ್ತೇವೆ, ಅಲ್ವಾ? ಹಲವು ಲೇಬಲ್‌ಗಳಲ್ಲಿ 34ರ ಪಕ್ಕ 75 ಅಂತಲೂ ಇರುತ್ತದೆ. ಆ 75 ಸೆಂಟಿಮೀಟರ್. ಯುರೋಪಿನ ಪದ್ಧತಿಯಲ್ಲಿ ಎದೆಯ ಕೆಳಗಿನ ಅಳತೆಯನ್ನೇ ನೇರವಾಗಿ ಸೈಜು ಮಾಡುತ್ತಾರೆ: 68ರಿಂದ 72 ಬಂದರೆ 70, 73ರಿಂದ 77 ಬಂದರೆ 75, 78ರಿಂದ 82 ಬಂದರೆ 80. ಇಂಚಿನ ಲೇಬಲ್ಲಿನಲ್ಲಿ ಇವೇ 32, 34, 36. ಆದರೆ 75 ಸೆಂಟಿಮೀಟರ್ ಅಂದರೆ ಇಂಚಿನಲ್ಲಿ ಇಪ್ಪತ್ತೊಂಬತ್ತೂವರೆ! ಅಂದರೆ ಆ 34ರಲ್ಲಿ ಸುಮಾರು ನಾಲ್ಕು ಇಂಚು ಆಗಲೇ ಸೇರಿದೆ. ಅಳತೆಗೆ 4 ಕೂಡಿಸಿ ಎಂದು ಒಂದು ಲೆಕ್ಕ ಹೇಳೋದು ಇದಕ್ಕೇ. ಇನ್ನೊಂದು ಲೆಕ್ಕ ಏನನ್ನೂ ಕೂಡಿಸದೆ 30 ಬಂದರೆ 30 ಅನ್ನುತ್ತದೆ. ಹಾಗೆ ಅಳೆದು ಸೈಜು ಕೊಡುವ ಬ್ರಾಂಡ್‌ಗಳೂ ಇವೆ.

ಹಾಗಾದರೆ ಕೊಳ್ಳುವಾಗ ಯಾವುದನ್ನು ಹಿಡಿಯಬೇಕು? ಆ ಬ್ರಾಂಡಿನ ಸೈಜ್ ಚಾರ್ಟ್ ತೆಗೆದು 34ರ ಸಾಲಿನಲ್ಲಿ ಎದೆಯ ಕೆಳಗಿನ ಅಳತೆ ಎಷ್ಟು ಎಂದು ನೋಡಿ. 73–77 ಸೆಂಟಿಮೀಟರ್ ಎಂದಿದ್ದರೆ ಅವರ 34 ನಿಮ್ಮ 30 ಇಂಚಿಗೇ ಮಾಡಿದ್ದು. 86ರ ಹತ್ತಿರ ಇದ್ದರೆ ಅವರು ಏನನ್ನೂ ಕೂಡಿಸುವುದಿಲ್ಲ, ನಿಮಗೆ ಅಲ್ಲಿ 30 ಬೇಕು. ಸುಮ್ನೆ 34 ಎಂಬ ಅಂಕಿಯನ್ನು ಒಂದು ಬ್ರಾಂಡಿನಿಂದ ಇನ್ನೊಂದಕ್ಕೆ ಹೊತ್ತುಕೊಂಡು ಹೋಗಬೇಡಿ, ಸೆಂಟಿಮೀಟರ್ ಹೊತ್ತುಕೊಂಡು ಹೋಗಿ. ಫ್ರಾನ್ಸಿನ ಲೇಬಲ್ಲಿನಲ್ಲಿ ಇದೇ 75ಕ್ಕೆ 90 ಎಂದಿರುತ್ತದೆ, ನೋಡಿ ಗಾಬರಿಯಾಗಬೇಡಿ.

ಕಪ್ ಅಕ್ಷರ ಬರೋದು ಎರಡು ಅಳತೆಗಳ ವ್ಯತ್ಯಾಸದಿಂದ. ಯುರೋಪಿನ ಆ ಪದ್ಧತಿಯಲ್ಲಿ ವ್ಯತ್ಯಾಸ 12–14 ಸೆಂಟಿಮೀಟರ್ ಇದ್ದರೆ ಎ, 14–16 ಬಿ, 16–18 ಸಿ, 18–20 ಡಿ, ಹೀಗೆ ಎರಡೆರಡು ಸೆಂಟಿಮೀಟರಿಗೆ ಒಂದು ಅಕ್ಷರ. ನನ್ನದು 92ರಲ್ಲಿ ಎದೆಯ ಕೆಳಗಿನ 75 ಕಳೆದರೆ 17, ಅಂದರೆ 75ಸಿ, ಲೇಬಲ್ಲಿನಲ್ಲಿ 34ಸಿ.

ಇಲ್ಲೊಂದು ವಿಷಯ ಇದೆ, ನನಗೆ ಅದು ಗೊತ್ತಾದ ದಿನ ತುಂಬ ಖುಷಿಯಾಯಿತು. ಕಪ್ ಅಕ್ಷರಕ್ಕೆ ಅದರದೇ ಆದ ಗಾತ್ರ ಇಲ್ಲ. 32ರ ಸಿ, 36ರ ಸಿ ಒಂದೇ ಅಲ್ಲ, 36ರ ಸಿ ದೊಡ್ಡದು. ಬ್ಯಾಂಡ್ ಒಂದು ಮೆಟ್ಟಿಲು ಇಳಿದರೆ ಅಕ್ಷರ ಒಂದು ಮೆಟ್ಟಿಲು ಏರಬೇಕು, ಆಗ ಕಪ್ಪಿನ ಗಾತ್ರ ಹಾಗೇ ಉಳಿಯುತ್ತದೆ. ಅಂದರೆ 36ಬಿ, 34ಸಿ, 32ಡಿ ಮೂರರಲ್ಲೂ ಹಿಡಿಸೋದು ಒಂದೇ. ನನ್ನ 36ಬಿಯಲ್ಲಿ ಕಪ್ ಸರಿಯಿದ್ದು ಬ್ಯಾಂಡ್ ಮಾತ್ರ ಸಡಿಲ ಇದ್ದದ್ದು ಇದಕ್ಕೇ. 'ಸಿ' ಅಥವಾ 'ಡಿ' ಎಂದ ಕೂಡಲೇ ನನಗೆ ಅಷ್ಟು ದೊಡ್ಡದಿಲ್ಲ ಎಂದು ಹಿಂಜರಿಯುವವರು ತುಂಬ ಜನ. ಆ ಅಕ್ಷರಕ್ಕೆ ಹೆದರಬೇಡಿ. ಹಿಂಜರಿಕೆಯಿಂದ ದೊಡ್ಡ ಬ್ಯಾಂಡ್, ಸಣ್ಣ ಕಪ್ ತೆಗೆದುಕೊಂಡರೆ ಭುಜವೇ ಅದರ ಭಾರ ಹೊರಬೇಕು.

ಅಳತೆ ನಿಮ್ಮನ್ನು ಸರಿಯಾದ ಸೈಜಿನ ಹತ್ತಿರ ತಂದು ಬಿಡುತ್ತದೆ, ಅಷ್ಟೇ. ಕೊನೆಯ ಮಾತು ಹಾಕಿ ನೋಡಿದಾಗಿನದು. ಹೊಸ ಬ್ರಾವನ್ನು ಮೊದಲು ಹಿಂದುಮುಂದಾಗಿ ಹಾಕಿಕೊಳ್ಳಿ, ಕಪ್‌ಗಳು ಬೆನ್ನಿಗೆ ಬರಲಿ, ಕೊಕ್ಕೆ ಎದೆಯ ಕೆಳಗೆ. ಸ್ತನ ಕಪ್ಪಿನೊಳಗೆ ಇಲ್ಲದಿರುವಾಗ ಬ್ಯಾಂಡ್ ಒಂದೇ ಹೇಗಿದೆ ಎಂದು ಗೊತ್ತಾಗುತ್ತದೆ. ತೀರಾ ಹೊರಗಿನ, ಅಂದರೆ ಅತಿ ಸಡಿಲ ಕೊಕ್ಕೆಯಲ್ಲಿ ಹಾಕಿ ನೋಡಬೇಕು. ಎಲಾಸ್ಟಿಕ್ ಒಗೆದು ಒಗೆದು ಹಿಗ್ಗಿದ ಹಾಗೆ ಒಳಗಿನ ಕೊಕ್ಕೆಗೆ ಹೋಗಲು ಜಾಗ ಉಳಿಯಲಿ. ಎರಡು ಬೆರಳು ಒಳಗೆ ಹೋದರೆ ಸರಿ, ಮುಷ್ಟಿ ಹೋದರೆ ಸಡಿಲ. ಉಸಿರು ಕಟ್ಟಿದ ಹಾಗಾದರೆ ಬಿಗಿ. ಸಡಿಲ ಬ್ರಾ ಹಾಕಿ ರೂಢಿಯಾದವರಿಗೆ ಸರಿಯಾದ ಬ್ಯಾಂಡ್ ಮೊದಲ ಒಂದೆರಡು ದಿನ ಬಿಗಿ ಅನ್ನಿಸುತ್ತದೆ. ನೋವು ಮಾತ್ರ ಇರಬಾರದು.

ಆಮೇಲೆ ಸರಿಯಾಗಿ ಹಾಕಿಕೊಂಡು, ಸ್ವಲ್ಪ ಮುಂದಕ್ಕೆ ಬಗ್ಗಿ, ಕೈಯನ್ನು ಕಪ್ಪಿನೊಳಗೆ ಹಾಕಿ ಕಂಕುಳ ಕಡೆಯಿಂದ ಸ್ತನವನ್ನು ಪೂರ್ತಿ ಒಳಗೆ ತನ್ನಿ. ಇದೊಂದನ್ನು ಬಿಡಲೇಬೇಡಿ. ಎಷ್ಟೋ ಸಲ ಕಪ್ ಮುಂದೆ ಸುಕ್ಕು ಬಿದ್ದು ದೊಡ್ಡದು ಅನ್ನಿಸುತ್ತದೆ. ಆದರೆ ಅರ್ಧ ಭಾಗ ಪಕ್ಕದಲ್ಲೇ, ಕಂಕುಳ ಹತ್ತಿರ ಒತ್ತಿಕೊಂಡಿರುತ್ತದೆ. ಒಳಗೆ ತಂದ ಮೇಲೂ ಸುಕ್ಕಿದ್ದರೆ ಕಪ್ ದೊಡ್ಡದು, ಇಲ್ಲವೇ ಆ ಆಕಾರ ನಿಮಗೆ ಹೊಂದುವುದಿಲ್ಲ. ಮೇಲಂಚಿನಲ್ಲಿ ಉಕ್ಕಿ ಎರಡು ಭಾಗವಾದ ಹಾಗೆ ಕಂಡರೆ ಕಪ್ ಸಣ್ಣದು. ವೈರ್ ಇರುವ ಬ್ರಾ ಆದರೆ ನಡುವಿನ ಭಾಗ ಎದೆಮೂಳೆಗೆ ತಾಗಿ ಕೂರಬೇಕು, ಪಕ್ಕದಲ್ಲಿ ವೈರ್ ಸ್ತನದ ಹಿಂದೆ ಪಕ್ಕೆಯ ಮೇಲಿರಬೇಕು. ಸ್ತನವನ್ನೇ ಕಚ್ಚಿ ಕೂತರೆ ಅದು ನಿಮ್ಮದಲ್ಲ. ಎರಡೂ ಕೈ ಎತ್ತಿ ಇಳಿಸಿ. ಬ್ಯಾಂಡ್ ಕದಲದೆ ಬೆನ್ನಿನಲ್ಲಿ ಅಡ್ಡಕ್ಕೆ ನೇರ ಗೆರೆಯಂತೆ ಇದ್ದರೆ ಬ್ಯಾಂಡ್ ಸರಿ.

ಒಂದು ಸ್ತನ ಇನ್ನೊಂದಕ್ಕಿಂತ ಸ್ವಲ್ಪ ದೊಡ್ಡದಿರೋದು ತುಂಬ ಸಾಮಾನ್ಯ. ದೊಡ್ಡದಕ್ಕೆ ಹೊಂದುವ ಕಪ್ ತೆಗೆದುಕೊಂಡು, ಸಣ್ಣದರ ಕಡೆಯ ಸ್ಟ್ರಾಪ್ ಸ್ವಲ್ಪ ಬಿಗಿ ಮಾಡಿ. ಆದರೆ ಮೊದಲಿಲ್ಲದ ವ್ಯತ್ಯಾಸ ಈಗ ಕಂಡರೆ, ಅಳೆಯುವಾಗ ಕೈಗೆ ಗಂಟು ಸಿಕ್ಕರೆ, ತಡ ಮಾಡದೆ ಡಾಕ್ಟರಿಗೆ ತೋರಿಸಿ.

ಮುಟ್ಟಿಗೆ ಮುಂಚಿನ ದಿನಗಳಲ್ಲಿ ಅಳೆಯಬೇಡಿ, ಆಗ ಎದೆ ಬಾತಿರುತ್ತದೆ. ಮುಟ್ಟು ಮುಗಿದ ಮೇಲಿನ ದಿನಗಳು ಒಳ್ಳೆಯದು. ತೂಕ ಬದಲಾದರೆ, ಬಸಿರು ಬಾಣಂತನ ಆದರೆ, ಮತ್ತೆ ಅಳೆಯಲೇಬೇಕು. ಏನೂ ಬದಲಾಗದಿದ್ದರೂ ವರ್ಷಕ್ಕೊಮ್ಮೆ ಟೇಪು ಹಿಡಿಯಿರಿ.

ನಿಮ್ಮ ಅಳತೆಯನ್ನು ಸೆಂಟಿಮೀಟರಿಗೆ ತಿರುಗಿಸಿದರೆ ಕೆಳಗೆ 76, ಮೇಲೆ 91, ವ್ಯತ್ಯಾಸ 15. ಚಾರ್ಟಿನಲ್ಲಿ 34ಕ್ಕೆ 73–77 ಇರುವ ಬ್ರಾಂಡ್ ಆದರೆ 34ಬಿಯಿಂದ ಶುರು ಮಾಡಿ, ಏನನ್ನೂ ಕೂಡಿಸದ ಬ್ರಾಂಡ್ ಆದರೆ ನಿಮಗೆ ಬಂದ ಆ 30ಇಯಿಂದ. ಬಗ್ಗಿ ಅಳೆದಾಗ 95ರ ಹತ್ತಿರ ಬಂದರೆ 34ಸಿ ಕೂಡ ತರಿಸಿ, ಎರಡನ್ನೂ ಹಾಕಿ ನೋಡಿ. 34ಬಿಯ ಕಪ್ ಸರಿಯಿದ್ದು ಬ್ಯಾಂಡ್ ಮಾತ್ರ ಬೆನ್ನಿನಲ್ಲಿ ಏರಿದರೆ 32ಸಿ ತೆಗೆದುಕೊಳ್ಳಿ. ಲೇಬಲ್ ಕೀಳಬೇಡಿ, ಹತ್ತು ನಿಮಿಷ ಮನೆಯಲ್ಲೇ ಓಡಾಡಿ, ಕೂತು, ಬಗ್ಗಿ ನೋಡಿ. ಬಗ್ಗಿ ಅಳೆದ ಅಂಕಿ ಎಷ್ಟು ಬಂತು ಎಂದು ಇಲ್ಲೇ ಬರೆಯಿರಿ, ಕಪ್ ಯಾವುದು ಎಂದು ಕೂಡಿ ಲೆಕ್ಕ ಹಾಕೋಣ.