ಓದುಗರ ಪ್ರಶ್ನೋತ್ತರ: ‘ದಿ ಲಾಂಗ್ ಡಾರ್ಕ್’ ಆಟದಲ್ಲಿ ದಾರಿ ತಪ್ಪಿದಾಗ

ಪ್ರಶ್ನೆ: ನಾನು ಇತ್ತೀಚೆಗೆ ‘ದಿ ಲಾಂಗ್ ಡಾರ್ಕ್’ ಎಂಬ ಗೇಮ್ ಆಡಲು ಆರಂಭಿಸಿದ್ದೇನೆ. ಮಿಸ್ಟರಿ ಲೇಕ್ ಪ್ರದೇಶದಲ್ಲಿ ಕಟ್ಟಿಗೆಗೋ ಬೇಟೆಗೋ ಕಾಡಿನೊಳಗೆ ಹೋದಾಗ ಹಿಮಬಿರುಗಾಳಿ ಎದ್ದರೆ, ಹೊರಟ ಜಾಗಕ್ಕೆ ಮರಳಲು ಸಾಧ್ಯವಾಗುವುದೇ ಇಲ್ಲ. ನಕ್ಷೆಯನ್ನು ತೆರೆದರೂ ನಾನು ಎಲ್ಲಿದ್ದೇನೆ ಎಂಬುದನ್ನು ಅದು ತೋರಿಸುವುದಿಲ್ಲ. ಸುತ್ತಿ ಸುತ್ತಿ ಮತ್ತೆ ಅದೇ ಬಂಡೆಯ ಬಳಿಗೆ ಬರುತ್ತೇನೆ, ಕೊನೆಗೆ ಚಳಿಯಿಂದ ಸಾಯುತ್ತೇನೆ. ದಾರಿ ಕಂಡುಕೊಳ್ಳುವ ಕ್ರಮವೇನು?
— ಓದುಗರೊಬ್ಬರು, ಶಿವಮೊಗ್ಗ

ಉತ್ತರ: ನಿಮಗಾಗುತ್ತಿರುವ ತೊಂದರೆ ಆಟದ ದೋಷವೂ ಅಲ್ಲ, ನಿಮ್ಮ ದೋಷವೂ ಅಲ್ಲ. ಕೆನಡಾದ ಹಿಂಟರ್‌ಲ್ಯಾಂಡ್ ಸಂಸ್ಥೆ 2014ರಲ್ಲಿ ಆರಂಭಿಕ ರೂಪದಲ್ಲಿ, 2017ರಲ್ಲಿ ಪೂರ್ಣ ರೂಪದಲ್ಲಿ ಬಿಡುಗಡೆ ಮಾಡಿದ ಈ ಆಟ, ಉತ್ತರ ಕೆನಡಾದ ‘ಗ್ರೇಟ್ ಬೇರ್’ ಎಂಬ ಕಾಲ್ಪನಿಕ ದ್ವೀಪದಲ್ಲಿ ನಡೆಯುತ್ತದೆ. ಭೂಕಾಂತೀಯ ವಿಪತ್ತೊಂದರಿಂದ ವಿದ್ಯುತ್ ಉಪಕರಣಗಳೆಲ್ಲ ನಿಂತುಹೋಗಿರುವ ಆ ಲೋಕದಲ್ಲಿ ಆಟಗಾರನ ಕೈಗೆ ದಿಕ್ಸೂಚಿಯನ್ನು ಕೊಟ್ಟಿಲ್ಲ. ಕಥೆಯಿಲ್ಲದೆ ಬದುಕುಳಿಯುವುದೊಂದೇ ಗುರಿಯಾಗಿರುವ ಸರ್ವೈವಲ್ ವಿಧಾನದ ನಕ್ಷೆಯಲ್ಲಿ ಅವನಿರುವ ಜಾಗದ ಗುರುತನ್ನೂ ಇಟ್ಟಿಲ್ಲ. ಬೇರೆ ಆಟಗಳಲ್ಲಿ ಪರದೆಯ ಮೂಲೆಯ ಬಾಣವನ್ನು ಹಿಂಬಾಲಿಸಿ ಅಭ್ಯಾಸವಾದವರು ಇಲ್ಲಿ ಮೊದಲ ಬಾರಿಗೆ ನೆಲವನ್ನೇ ನೋಡಿ ನಡೆಯಬೇಕಾಗುತ್ತದೆ. ಈ ಆಟದ ಹಿರಿಮೆ ಇರುವುದು ಅಲ್ಲಿಯೇ ಎಂಬುದು ನನ್ನ ದೃಢ ಅಭಿಪ್ರಾಯ.

ದಾರಿ ತಪ್ಪಿದೆ ಎಂದು ಅನಿಸಿದ ಕೂಡಲೇ ಮಾಡಬೇಕಾದ ಮೊದಲ ಕೆಲಸ ದಾರಿ ಹುಡುಕುವುದಲ್ಲ, ಮೈಬಿಸಿಯನ್ನು ನೋಡಿಕೊಳ್ಳುವುದು. ಆಟದಲ್ಲಿ ಮೈಬಿಸಿ, ದಣಿವು, ಬಾಯಾರಿಕೆ, ಹಸಿವು ಎಂಬ ನಾಲ್ಕು ಅಳತೆಗಳಿವೆ. ಬಿರುಗಾಳಿಯಲ್ಲಿ ಎಲ್ಲಕ್ಕಿಂತ ಬೇಗ ಖಾಲಿಯಾಗುವುದು ಮೈಬಿಸಿ. ಅದು ತೀರಿದ ಮೇಲೆ ಹೈಪೋಥರ್ಮಿಯಾದ, ಅಂದರೆ ದೇಹದ ಶಾಖ ಅಪಾಯಕರವಾಗಿ ಕುಸಿಯುವ ಸ್ಥಿತಿಯ, ಅಪಾಯ ಏರುತ್ತ ಹೋಗುತ್ತದೆ. ಹೀಗಾಗಿ ಕಣ್ಣೆದುರಿನ ನಾಲ್ಕು ಮರಗಳಾಚೆ ಏನೂ ಕಾಣದಿರುವಾಗ ‘ಇನ್ನು ಸ್ವಲ್ಪ ಮುಂದೆ ಹೋದರೆ ಮನೆ ಸಿಕ್ಕೀತು’ ಎಂದು ನಡೆಯುತ್ತಲೇ ಇರುವುದು ಅತ್ಯಂತ ದುಬಾರಿಯಾದ ನಿರ್ಧಾರವಾಗುತ್ತದೆ. ಗುಹೆಯೊಂದು ಸಿಕ್ಕರೆ ಒಳಗೆ ಸೇರಿ, ಗಾಳಿ ತಾಗದಷ್ಟು ಒಳಭಾಗದಲ್ಲಿ ಬೆಂಕಿ ಹೊತ್ತಿಸಿ. ಗುಹೆ ಇಲ್ಲದಿದ್ದರೆ ಕೈಬಿಟ್ಟ ಕಾರಿನೊಳಗೆ ಕುಳಿತುಕೊಳ್ಳಬಹುದು, ಅದೂ ಇಲ್ಲದಿದ್ದರೆ ದೊಡ್ಡ ಬಂಡೆಯ ಗಾಳಿಮರೆಯನ್ನು ಆಶ್ರಯಿಸಬಹುದು. ಬೆಂಕಿಕಡ್ಡಿ, ಒಂದಿಷ್ಟು ಕಟ್ಟಿಗೆ ಮತ್ತು ಹೊತ್ತಿಸಲು ಬೇಕಾದ ಒಣ ಸಾಮಗ್ರಿ ಇಲ್ಲದೆ ಮನೆಯಿಂದ ಹೊರಡಲೇಬಾರದು ಎಂದು ನಾನು ಹೊಸ ಆಟಗಾರರಿಗೆ ಒತ್ತಿ ಹೇಳುವುದು ಈ ಕಾರಣಕ್ಕೆ. ಹಿಮಬಿರುಗಾಳಿ ಎಷ್ಟೇ ಜೋರಾಗಿದ್ದರೂ ನಿಲ್ಲುತ್ತದೆ, ಮತ್ತು ಅದು ನಿಂತ ಮೇಲೆ ನೀವು ಹುಡುಕುತ್ತಿದ್ದ ಮನೆ ಅನೇಕ ವೇಳೆ ಕೂಗಳತೆಯಲ್ಲೇ ಕಾಣಿಸುತ್ತದೆ.

ಇನ್ನು ದಾರಿಯ ವಿಷಯಕ್ಕೆ ಬರೋಣ. ‘ನಾನು ಎಲ್ಲಿದ್ದೇನೆ’ ಎಂಬ ಪ್ರಶ್ನೆಗೆ ಈ ಆಟದಲ್ಲಿ ಉತ್ತರ ಸಿಗುವುದು ಕಷ್ಟ. ಅದರ ಬದಲು ‘ನನಗೆ ಹತ್ತಿರದ ಉದ್ದನೆಯ ಗೆರೆ ಯಾವುದು’ ಎಂದು ಕೇಳಿಕೊಳ್ಳಿ. ಉದ್ದನೆಯ ಗೆರೆ ಎಂದರೆ ರೈಲು ಹಳಿ, ರಸ್ತೆ, ಹೆಪ್ಪುಗಟ್ಟಿದ ನದಿ, ಸರೋವರದ ದಂಡೆ, ವಿದ್ಯುತ್ ತಂತಿಯ ಸಾಲು, ಕಡಿದಾದ ಬಂಡೆಗೋಡೆಯ ಬುಡ. ಕತ್ತಲ ಮನೆಯಲ್ಲಿ ಗೋಡೆ ಸವರಿಕೊಂಡು ಬಾಗಿಲಿಗೆ ಬರುವವರಂತೆ ಇಂಥ ಗೆರೆಯೊಂದನ್ನು ಹಿಡಿದು ನಡೆದರೆ, ಮಂಜು ಎಷ್ಟೇ ದಟ್ಟವಾಗಿದ್ದರೂ ಎಲ್ಲಿಗಾದರೂ ತಲುಪುತ್ತೀರಿ. ನೀವು ಹೇಳಿದ ಮಿಸ್ಟರಿ ಲೇಕ್ ಪ್ರದೇಶವನ್ನೇ ತೆಗೆದುಕೊಳ್ಳಿ. ಅಲ್ಲಿನ ರೈಲು ಹಳಿ ಸರೋವರದ ದಂಡೆಯಲ್ಲಿರುವ ಕ್ಯಾಂಪ್ ಆಫೀಸಿನ ಹಿಂದೆಯೇ ಹಾದುಹೋಗುತ್ತದೆ. ಅದರ ಒಂದು ತುದಿ ಫೋರ್ಲಾರ್ನ್ ಮಸ್ಕೆಗ್ ಎಂಬ ಜೌಗು ಪ್ರದೇಶದ ಕಡೆಗೂ, ಇನ್ನೊಂದು ತುದಿ ರವೈನ್ ಎಂಬ ಕಮರಿಯ ಮೂಲಕ ಕೋಸ್ಟಲ್ ಹೈವೇ ಕಡೆಗೂ ಹೋಗುತ್ತದೆ. ಹಳಿ ಸಿಕ್ಕಿತೆಂದರೆ ಉಳಿಯುವ ಪ್ರಶ್ನೆ ಒಂದೇ: ಎಡಕ್ಕೆ ತಿರುಗಬೇಕೋ, ಬಲಕ್ಕೆ ತಿರುಗಬೇಕೋ?

ಆ ಪ್ರಶ್ನೆಗೂ ಒಂದು ಉಪಾಯವಿದೆ, ಮತ್ತು ನಾನು ಅತ್ಯಂತ ಮೆಚ್ಚುವ ಉಪಾಯ ಇದೇ. ದಿಕ್ಸೂಚಿ ಹಿಡಿದು ಕಾಡಿನಲ್ಲಿ ಓಡುವ ಓರಿಯಂಟಿಯರಿಂಗ್ ಕ್ರೀಡೆಯವರು ಗುರಿಯ ಕಡೆಗೆ ನೇರವಾಗಿ ಹೋಗದೆ, ಬೇಕೆಂದೇ ಅದರ ಒಂದು ಪಕ್ಕಕ್ಕೆ ಗುರಿಯಿಡುತ್ತಾರೆ. ನೀವು ಕಾಡಿನಿಂದ ಹಳಿಯ ಕಡೆಗೆ ಇಳಿಯುತ್ತಿದ್ದೀರಿ, ಕ್ಯಾಂಪ್ ಆಫೀಸು ಸುಮಾರಾಗಿ ನಿಮ್ಮ ಎದುರಿಗಿದೆ ಎಂದು ಭಾವಿಸೋಣ. ನೇರವಾಗಿ ಅದಕ್ಕೇ ಗುರಿಯಿಟ್ಟು ಸ್ವಲ್ಪ ತಪ್ಪಿದರೆ, ಹಳಿಯ ಮೇಲೆ ನಿಂತಾಗ ಕಟ್ಟಡ ಎಡಕ್ಕಿದೆಯೋ ಬಲಕ್ಕಿದೆಯೋ ತಿಳಿಯದು. ಆದರೆ ಬೇಕೆಂದೇ ಸಾಕಷ್ಟು ಎಡಕ್ಕೆ ಸರಿದು ಇಳಿದಿದ್ದರೆ, ಹಳಿ ಸಿಕ್ಕ ಕೂಡಲೇ ಬಲಕ್ಕೆ ತಿರುಗಿ ನಡೆಯಬಹುದು, ಅನುಮಾನಕ್ಕೆ ಎಡೆಯಿಲ್ಲ. ಕೆಲವು ಹೆಜ್ಜೆಗಳು ಹೆಚ್ಚಾಗುತ್ತವೆ ನಿಜ, ಆದರೆ ಆ ಹೆಜ್ಜೆಗಳಿಂದ ದೊರಕುವ ನಿಶ್ಚಿತತೆಯ ಬೆಲೆ ಅದಕ್ಕಿಂತ ದೊಡ್ಡದು.

ಸುತ್ತಿ ಅದೇ ಬಂಡೆಗೆ ಬರುವುದರ ಬಗ್ಗೆ ಕೇಳಿದ್ದೀರಿ. ನಿಜ ಜೀವನದಲ್ಲಿ ಇದು ಪರೀಕ್ಷಿಸಿ ನೋಡಿದ ಸಂಗತಿ. ಜರ್ಮನಿಯ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ಯಾನ್ ಸೌಮನ್ ಮತ್ತು ಸಂಗಡಿಗರು ಜರ್ಮನಿಯ ಕಾಡಿನಲ್ಲೂ ಟುನೀಶಿಯಾದ ಸಹಾರಾ ಮರುಭೂಮಿಯಲ್ಲೂ ಜನರನ್ನು ನಡೆಸಿ ನೋಡಿ, 2009ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಸೂರ್ಯನೋ ಚಂದ್ರನೋ ಕಾಣುತ್ತಿರುವಾಗ ಜನರು ಸುಮಾರಾಗಿ ನೇರವಾಗಿಯೇ ನಡೆಯುತ್ತಾರೆ. ಅವು ಮರೆಯಾದಾಗ ತಮಗೆ ಅರಿವಿಲ್ಲದೆಯೇ ಸುತ್ತು ಹಾಕುತ್ತಾರೆ. ಆಟದಲ್ಲಿ ಕಾರಣ ಸ್ವಲ್ಪ ಬೇರೆ. ಮುಂದಕ್ಕೆ ಹೋಗುವ ಗುಂಡಿಯನ್ನಷ್ಟೇ ಒತ್ತಿಕೊಂಡಿದ್ದರೆ ನಿಮ್ಮ ಪಾತ್ರ ನೇರವಾಗಿಯೇ ಹೋಗುತ್ತದೆ. ಅದನ್ನು ಬಾಗಿಸುವುದು ಅಡ್ಡ ಬರುವ ಮರ, ಬಂಡೆ, ಇಳಿಜಾರುಗಳು, ಮತ್ತು ಪ್ರತಿ ಬಾರಿಯೂ ಅನುಕೂಲವೆಂದು ಒಂದೇ ಬದಿಯಿಂದ ಅವುಗಳನ್ನು ಬಳಸಿ ಹೋಗುವ ನಿಮ್ಮ ಕೈ. ಹಾಗಾಗಿ ಒಂದು ಮರವನ್ನು ಬಲದಿಂದ ಬಳಸಿದರೆ ಮುಂದಿನದನ್ನು ಎಡದಿಂದ ಬಳಸಿ. ಹೊರಡುವ ಮುನ್ನವೇ ನಿಮ್ಮ ಸಾಲಿನಲ್ಲಿರುವ ಎರಡು ಮರಗಳನ್ನು ಗುರುತಿಸಿಕೊಂಡು, ಮೊದಲನೆಯದನ್ನು ತಲುಪುವ ಮುಂಚೆ ಎರಡನೆಯದರ ಆಚೆಗೆ ಮೂರನೆಯದೊಂದನ್ನು ಆರಿಸಿಕೊಳ್ಳುತ್ತ ಹೋದರೆ ಗೆರೆ ಕೆಡುವುದಿಲ್ಲ.

ನದಿ ಮತ್ತು ಸಮುದ್ರದ ದಂಡೆ ಹಿಡಿದು ನಡೆಯುವಾಗ ಒಂದು ಎಚ್ಚರಿಕೆ ಅಗತ್ಯ. ಕೋಸ್ಟಲ್ ಹೈವೇಯ ಕಡಲಂಚಿನಲ್ಲೂ ಫೋರ್ಲಾರ್ನ್ ಮಸ್ಕೆಗ್‌ನ ಜೌಗಿನಲ್ಲೂ ತೆಳುವಾದ ಮಂಜುಗಡ್ಡೆಯಿದೆ. ಬಿರುಕಿನ ಸದ್ದು ಕೇಳಿದ ಕೂಡಲೇ ಬಂದ ದಾರಿಯಲ್ಲೇ ಹಿಂದಿರುಗಿ, ಮುಂದೆ ಓಡಿ ದಾಟುವ ಆಸೆ ಬೇಡ. ನೀರಿಗೆ ಬಿದ್ದರೆ ಬಟ್ಟೆಯೆಲ್ಲ ನೆನೆದು ಹೆಪ್ಪುಗಟ್ಟುತ್ತದೆ, ಆಮೇಲೆ ದಾರಿ ಗೊತ್ತಿದ್ದರೂ ನಡೆಯಲು ಸಮಯವಿರುವುದಿಲ್ಲ.

ಪ್ರಶ್ನೆ: ದಿಕ್ಸೂಚಿ ಇಲ್ಲದಿದ್ದರೇನು, ಸೂರ್ಯನನ್ನು ನೋಡಿ ದಿಕ್ಕು ತಿಳಿಯಬಹುದಲ್ಲವೇ?
— ಓದುಗರೊಬ್ಬರು, ಮೈಸೂರು

ಉತ್ತರ: ಖಂಡಿತ ತಿಳಿಯಬಹುದು. ಆಟದಲ್ಲಿಯೂ ಸೂರ್ಯ ಪೂರ್ವದಲ್ಲಿ ಹುಟ್ಟಿ ಪಶ್ಚಿಮದಲ್ಲಿ ಮುಳುಗುತ್ತಾನೆ. ಆದರೆ ಎರಡು ವಿಷಯಗಳನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಸಾಮಾನ್ಯ ವೇಗದಲ್ಲಿ ಆಟದ ಒಂದು ಗಂಟೆ ನಮ್ಮ ಐದು ನಿಮಿಷದಲ್ಲಿ ಮುಗಿಯುವುದರಿಂದ, ‘ಸೂರ್ಯನನ್ನು ಎಡಭುಜಕ್ಕೆ ಇಟ್ಟುಕೊಂಡು ನಡೆಯುತ್ತೇನೆ’ ಎಂದು ಹೊರಟವರು ಸೂರ್ಯನ ಜತೆಗೆ ತಾವೂ ತಿರುಗುತ್ತ ಹೋಗುತ್ತಾರೆ. ಆದ್ದರಿಂದ ಬೆಳಗಿನ ಅಥವಾ ಸಂಜೆಯ ಸೂರ್ಯನಿಂದ ಒಮ್ಮೆ ದಿಕ್ಕನ್ನು ತಿಳಿದು, ಕೂಡಲೇ ಅದನ್ನು ಒಂದು ಬೆಟ್ಟದ ತುದಿಗೋ ಒಂಟಿ ಮರಕ್ಕೋ ಕಟ್ಟಿಹಾಕಿ, ಆಮೇಲೆ ಆ ಗುರುತನ್ನೇ ನಂಬಿ.

ಎರಡನೆಯದು ನಮ್ಮ ಕಡೆಯವರಿಗೆ ಮುಖ್ಯವಾದದ್ದು. ಕೆನಡಾದಂತಹ ಉತ್ತರದ ನಾಡಿನಲ್ಲಿ ನಡುಹಗಲಿನ ಸೂರ್ಯ ವರ್ಷವಿಡೀ ದಕ್ಷಿಣದಲ್ಲೇ ಇರುತ್ತಾನೆ, ನೆರಳು ಉತ್ತರಕ್ಕೆ ಬೀಳುತ್ತದೆ. ನಮ್ಮಲ್ಲಿ ಹಾಗಲ್ಲ. ಬೆಂಗಳೂರು, ಮೈಸೂರುಗಳಲ್ಲಿ ಏಪ್ರಿಲ್ ಕೊನೆಯ ಭಾಗದಲ್ಲೊಮ್ಮೆ, ಆಗಸ್ಟ್‌ನಲ್ಲೊಮ್ಮೆ ಸೂರ್ಯ ನೆತ್ತಿಯ ಮೇಲೆಯೇ ಬರುತ್ತಾನೆ. ಆ ಎರಡರ ನಡುವಿನ ತಿಂಗಳುಗಳಲ್ಲಿ ನಡುಹಗಲಿನ ಸೂರ್ಯ ನಮ್ಮ ಉತ್ತರಕ್ಕಿರುತ್ತಾನೆ. ಹೀಗಾಗಿ ಒಂದು ಕಡೆ ಕಲಿತ ನಡುಹಗಲಿನ ನೆರಳಿನ ನಿಯಮವನ್ನು ಇನ್ನೊಂದು ಕಡೆ ಕಣ್ಣುಮುಚ್ಚಿ ಬಳಸಬೇಡಿ.

ಪ್ರಶ್ನೆ: ಇದ್ದಿಲಿನಿಂದ ನಕ್ಷೆ ಬರೆಯುವುದು ನಿಜವಾಗಿಯೂ ಉಪಯೋಗಕ್ಕೆ ಬರುತ್ತದೆಯೇ? ದಾರಿಗೆ ಗುರುತು ಹಾಕಲು ಏನು ಮಾಡಬೇಕು?
— ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಉಪಯೋಗಕ್ಕೆ ಬರುತ್ತದೆ, ಆದರೆ ದಾರಿ ತಪ್ಪಿದ ಮೇಲಲ್ಲ, ತಪ್ಪುವ ಮುಂಚೆ. ಆರಿದ ಬೆಂಕಿಯಿಂದ ಇದ್ದಿಲನ್ನು ಆರಿಸಿಕೊಂಡು, ಹವೆ ತಿಳಿಯಾಗಿರುವ ಹಗಲಿನಲ್ಲಿ ಸುತ್ತಲಿನ ಪ್ರದೇಶವನ್ನು ಗುರುತಿಸಿಕೊಳ್ಳಬಹುದು. ದಟ್ಟ ಮಂಜಿನಲ್ಲೂ ಬಿರುಗಾಳಿಯಲ್ಲೂ ಅದಕ್ಕೆ ಅವಕಾಶವಿಲ್ಲ, ಅಂದರೆ ಅತ್ಯಂತ ಬೇಕಾದ ಹೊತ್ತಿನಲ್ಲಿ ಅದು ದೊರೆಯುವುದಿಲ್ಲ. ಹಾಗಾಗಿ ಹೊಸ ಜಾಗಕ್ಕೆ ಕಾಲಿಟ್ಟಾಗ, ಆಕಾಶ ತಿಳಿಯಾಗಿದ್ದರೆ, ಬೇರೆ ಕೆಲಸಕ್ಕೆ ಮುಂಚೆ ಇದನ್ನು ಮುಗಿಸಿಕೊಳ್ಳಿ. ಪೋಲರಾಯ್ಡ್ ಛಾಯಾಚಿತ್ರಗಳು ಸಿಕ್ಕರೆ ಬಿಡಬೇಡಿ. ಚಿತ್ರದಲ್ಲಿರುವ ಎತ್ತರದ ಜಾಗಕ್ಕೆ ಹೋಗಿ ನಿಂತರೆ ನಕ್ಷೆಯ ದೊಡ್ಡ ಭಾಗವೊಂದು ತೆರೆದುಕೊಳ್ಳುತ್ತದೆ.

ಗುರುತಿಗೆ ಬಣ್ಣ ಸಿಂಪಡಿಸುವ ಡಬ್ಬ ಎಲ್ಲಕ್ಕಿಂತ ಒಳ್ಳೆಯದು. ಅದು ಸಿಗುವ ತನಕ ಕಟ್ಟಿಗೆಯ ತುಂಡುಗಳನ್ನು ಬಿಡುತ್ತ ಹೋಗಬಹುದು. ಸಣ್ಣ ಕಲ್ಲು ಹಿಮದಲ್ಲಿ ಕಣ್ಣಿಗೆ ಬೀಳುವುದಿಲ್ಲ, ದೊಡ್ಡ ತುಂಡು ಬೀಳುತ್ತದೆ. ಒಂದು ಗುರುತಿನಿಂದ ಇನ್ನೊಂದು ಗುರುತು ಕಾಣುವಷ್ಟು ಹತ್ತಿರದಲ್ಲಿರಲಿ, ದಾರಿ ತಿರುಗುವ ಕಡೆ ಎರಡು ಇರಲಿ. ನಿಮ್ಮ ಹೆಜ್ಜೆಗುರುತುಗಳನ್ನು ನಂಬಿ ಹಿಂದಿರುಗುವ ಯೋಚನೆಯನ್ನು ಮಾತ್ರ ಬಿಟ್ಟುಬಿಡಿ, ಅವು ಬೇಗನೆ ಮುಚ್ಚಿಹೋಗುತ್ತವೆ.

ಪ್ರಶ್ನೆ: ನಮ್ಮ ಮಗ ಈ ಆಟವನ್ನು ಬಹಳ ಚೆನ್ನಾಗಿ ಆಡುತ್ತಾನೆ. ಈ ಚಳಿಗಾಲದಲ್ಲಿ ಗೆಳೆಯರೊಂದಿಗೆ ಕಾಡಿನ ಚಾರಣಕ್ಕೆ ಹೋಗುವವನಿದ್ದಾನೆ. ಆಟದಲ್ಲಿ ಕಲಿತದ್ದು ಅಲ್ಲಿ ಸಾಕಾಗುತ್ತದೆಯೇ?
— ಓದುಗರೊಬ್ಬರು, ಕ್ಯಾಲ್ಗರಿ, ಕೆನಡಾ

ಉತ್ತರ: ಸಾಕಾಗುವುದಿಲ್ಲ, ಮತ್ತು ಒಂದು ವಿಷಯದಲ್ಲಿ ಆಟದ ಪಾಠ ಅಪಾಯಕಾರಿಯೂ ಹೌದು. ಗಾಳಿಮರೆ ಹುಡುಕುವುದು, ಬೆಂಕಿಯ ಸಾಮಗ್ರಿ ಇಟ್ಟುಕೊಳ್ಳುವುದು, ಗೆರೆ ಹಿಡಿದು ನಡೆಯುವುದು ಎಲ್ಲವೂ ನಿಜ ಜೀವನದಲ್ಲಿ ಸರಿಯಾದವೇ. ಆದರೆ ಗ್ರೇಟ್ ಬೇರ್ ದ್ವೀಪದ ಸರ್ವೈವಲ್ ಆಟದಲ್ಲಿ ಆಟಗಾರನನ್ನು ಹುಡುಕಿಕೊಂಡು ಯಾರೂ ಬರುವುದಿಲ್ಲ. ಆದ್ದರಿಂದ ಬಿರುಗಾಳಿ ನಿಂತ ಮೇಲೆ ಅವನು ತಾನೇ ನಡೆದು ಪಾರಾಗಲೇಬೇಕು. ನಿಮ್ಮ ಮಗನನ್ನು ಹುಡುಕಿಕೊಂಡು ಜನ ಬರುತ್ತಾರೆ. ದಾರಿ ತಪ್ಪಿದವನು ನಡೆಯುತ್ತಲೇ ಹೋದರೆ ಹುಡುಕಬೇಕಾದ ಪ್ರದೇಶ ಗಂಟೆ ಗಂಟೆಗೂ ಹಿರಿದಾಗುತ್ತದೆ, ಬೆವರಿ ಒದ್ದೆಯಾದ ಬಟ್ಟೆ ಮೈಯ ಶಾಖವನ್ನು ಹೀರುತ್ತದೆ, ದಣಿವು ವಿವೇಚನೆಯನ್ನು ಮಂಕಾಗಿಸುತ್ತದೆ. ಹಾಗಾಗಿ ದಾರಿ ತಪ್ಪಿದೆ ಎಂದು ಖಚಿತವಾದ ಜಾಗದಲ್ಲೇ, ಅದರ ಹತ್ತಿರದ ಗಾಳಿಮರೆಯಲ್ಲಿ, ನಿಂತುಬಿಡಬೇಕು ಎಂದು ಅವನಿಗೆ ಸ್ಪಷ್ಟವಾಗಿ ಹೇಳಿ.

ಹೊರಡುವ ಮೊದಲು ಯಾವ ದಾರಿಯಲ್ಲಿ ಹೋಗುತ್ತಾರೆ, ಎಷ್ಟು ಹೊತ್ತಿಗೆ ಮರಳುತ್ತಾರೆ ಎಂಬುದನ್ನು ಅವರಿಂದ ಬರೆಸಿಕೊಳ್ಳಿ, ಆ ಹೊತ್ತು ಮೀರಿದರೆ 911ಕ್ಕೆ ಕರೆ ಮಾಡಲು ಹಿಂಜರಿಯಬೇಡಿ. ದಿಕ್ಸೂಚಿ, ಕಾಗದದ ನಕ್ಷೆ, ತಲೆಗೆ ಕಟ್ಟುವ ದೀಪ, ಹೆಚ್ಚುವರಿ ಒಣ ಬಟ್ಟೆ ಮತ್ತು ಒಂದು ಸೀಟಿ ಅವನ ಬಳಿ ಇರಲಿ. ಮೂರು ಬಾರಿ ಊದಿ, ಸ್ವಲ್ಪ ಬಿಟ್ಟು ಮತ್ತೆ ಮೂರು ಬಾರಿ ಊದುವುದು ಅಲ್ಲಿ ಸಹಾಯ ಕೇಳುವ ಸಂಕೇತ. ಚಳಿಗೆ ಮೊಬೈಲಿನ ಬ್ಯಾಟರಿ ಬೇಗ ಇಳಿಯುವುದರಿಂದ ಅದನ್ನು ಹೊರಜೇಬಿನಲ್ಲಿ ಇಡದೆ ಒಳಗಿನ ಅಂಗಿಯ ಜೇಬಿನಲ್ಲಿ ಮೈಗೆ ತಾಗುವಂತೆ ಇಟ್ಟುಕೊಳ್ಳಲಿ.